ಕುಲುಮೆಗೆ ಮರಳದ ಉಕ್ಕು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಸ್ಮಾರಕಗಳ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಉತ್ಸವ ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಸ್ಮಾರಕವೆಂದೊಡನೆ ಕಲ್ಲು, ಅಮೃತಶಿಲೆ, ಕಂಚು ನಮ್ಮ ಕಣ್ಣ ಮುಂದೆ ಬರುವುದು ಸಹಜ. ನಾವಿಂದು ಆರಿಸಿಕೊಂಡಿರುವುದು ಉಕ್ಕನ್ನು. ಅದೂ ಹೊಸ ಉಕ್ಕಲ್ಲ, ಕುಸಿದು ಬಿದ್ದ ಕಟ್ಟಡದ ಅವಶೇಷಗಳೊಳಗಿಂದ ಹೆಕ್ಕಿ ತೆಗೆದ, ಬಾಗಿದ, ತುಕ್ಕು ಹಿಡಿದ ಉಕ್ಕು. ಅದನ್ನು ಮೆರವಣಿಗೆಯಲ್ಲಿ ತಂದು ತನ್ನ ನಡುವೆ ಇರಿಸಿಕೊಂಡ ಊರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕೋಟ್ಸ್‌ವಿಲ್. ಅಲ್ಲಿಯ ಜನ ತಲೆತಲಾಂತರದಿಂದ ಉಕ್ಕನ್ನೇ ನಂಬಿ ಬದುಕಿದವರು.

ಇದರಲ್ಲಿ ಏನು ವಿಶೇಷವೆಂದು ತಾವು ಕೇಳಬಹುದು. ಮರ ಸುಟ್ಟರೆ ಬೂದಿಯಾಗುತ್ತದೆ. ಇಟ್ಟಿಗೆ ಒಡೆದರೆ ಪುಡಿಯಾಗುತ್ತದೆ. ಉಕ್ಕಾದರೋ ಎಷ್ಟು ಬಾರಿ ಕರಗಿಸಿದರೂ ಮತ್ತೆ ಉಕ್ಕೇ. ಆದುದರಿಂದ ಉಕ್ಕು ತಯಾರಿಸುವ ಊರಿನಲ್ಲಿ ಹಳೆಯ ಉಕ್ಕನ್ನು ಯಾರೂ ಕಸವೆಂದು ಎಣಿಸುವುದಿಲ್ಲ. ಮುರಿದ ಸೇತುವೆ, ಹಳೆಯ ಹಡಗು, ಸವೆದ ರೈಲು ಕಂಬಿ ಎಲ್ಲವೂ ಗುಜರಿಯಾಗಿ ತಕ್ಕಡಿ ಏರಿ ಕುಲುಮೆಯ ಬಾಯಿಗೆ ಬೀಳುತ್ತವೆ. ಕೋಟ್ಸ್‌ವಿಲ್ ಕಾರ್ಖಾನೆಯ ವಿದ್ಯುತ್ ಕುಲುಮೆಯ ಆಹಾರವೂ ಗುಜರಿಯೇ. ಅಂಥ ಊರಿನವರು ನೂರಾರು ಟನ್ ಉಕ್ಕನ್ನು ಮಾರದೆ, ಕರಗಿಸದೆ, ಇದ್ದ ರೂಪದಲ್ಲಿಯೇ ಇರಲಿ ಎಂದು ಗೊತ್ತು ಮಾಡಿದರು. ಹೊಸ ತೆನೆಯ ಹಬ್ಬದಂದು ಒಕ್ಕಲು ಮನೆಯವರು ಒಂದು ತೆನೆಯನ್ನು ಕುಟ್ಟದೆ ಬೇಯಿಸದೆ ಪೀಠದ ಬಳಿ ಕಟ್ಟಿಡುವುದನ್ನು ಕಂಡವರಿಗೆ ಈ ತೀರ್ಮಾನದ ತೂಕ ತಿಳಿದೀತು.

ಕೋಟ್ಸ್‌ವಿಲ್ ಇರುವುದು ಫಿಲಡೆಲ್ಫಿಯಾ ನಗರಕ್ಕೆ ಪಶ್ಚಿಮದಲ್ಲಿ, ಸುಮಾರು 40 ಮೈಲಿ ದೂರದಲ್ಲಿ, ಬ್ರಾಂಡಿವೈನ್ ಎಂಬ ಹೊಳೆಯ ದಂಡೆಯ ಮೇಲೆ. 1810ರಲ್ಲಿ ಐಸಾಕ್ ಪೆನಾಕ್ ಎಂಬಾತ ಪಾಲುಗಾರನೊಬ್ಬನೊಡನೆ ಕೂಡಿ ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಹೂಡಿದ. ಆತನ ಮಗಳು ರೆಬೆಕ್ಕಾ, ಅಳಿಯ ಚಾರ್ಲ್ಸ್ ಲೂಕೆನ್ಸ್. ಅಳಿಯ ವೃತ್ತಿಯಿಂದ ವೈದ್ಯನಾದರೂ ಕಬ್ಬಿಣದ ಕೆಲಸಕ್ಕೆ ಇಳಿದು, ಉಗಿಯಂತ್ರಗಳ ಬಾಯ್ಲರಿಗೆ ಬೇಕಾದ ಕಬ್ಬಿಣದ ತಗಡನ್ನು ತಯಾರಿಸತೊಡಗಿದ. 1825ರಲ್ಲಿ ಆತ ಅಕಾಲದಲ್ಲಿ ತೀರಿಕೊಂಡಾಗ ರೆಬೆಕ್ಕಾಳಿಗೆ 31 ವರ್ಷ. ಮಡಿಲಲ್ಲಿ ಮಕ್ಕಳು, ಗರ್ಭದಲ್ಲಿ ಮತ್ತೊಂದು ಕೂಸು, ತಲೆಯ ಮೇಲೆ ಸಾಲ. ಹೆಂಗಸಿಗೆ ಇದು ತಕ್ಕ ಕೆಲಸವಲ್ಲವೆಂದು ಹೆತ್ತ ತಾಯಿಯೇ ಆಕ್ಷೇಪಿಸಿದಳು. ಆಕೆ ಕೇಳಲಿಲ್ಲ. ಅಮೆರಿಕದಲ್ಲಿ ಮೊತ್ತಮೊದಲ ಕಬ್ಬಿಣದೊಡಲಿನ ಉಗಿದೋಣಿಯಾದ 'ಕೊಡೋರಸ್'ಗೆ ತಗಡು ಹೋದದ್ದು ಆ ಕಾರ್ಖಾನೆಯಿಂದಲೇ. 1837ರ ಆರ್ಥಿಕ ಮುಗ್ಗಟ್ಟಿನಲ್ಲಿ ಮಾರಾಟ ನಿಂತಾಗಲೂ ಆಕೆ ಕೆಲಸಗಾರರನ್ನು ಬಿಡಿಸಲಿಲ್ಲ. ಯಂತ್ರಗಳ ದುರಸ್ತಿಗೆ ಹಚ್ಚಿ, ಹಣವಿಲ್ಲದ ಕಡೆ ತನ್ನ ಹೊಲದ ಬೆಳೆಯನ್ನೇ ಕೂಲಿಯಾಗಿ ಕೊಟ್ಟಳು. ಆಕೆ 1854ರಲ್ಲಿ ನಿಧನಳಾದ ಮೇಲೆ, 1859ರಲ್ಲಿ, ಕಾರ್ಖಾನೆಗೆ ಲೂಕೆನ್ಸ್ ಎಂಬ ಹೆಸರಾಯಿತು. 1918ರಲ್ಲಿ ಅಲ್ಲಿ ನಿಲ್ಲಿಸಿದ ಉರುಳೆಯಂತ್ರ 204 ಅಂಗುಲದ್ದು, ಅಂದರೆ 17 ಅಡಿಯದು. ಆ ಕಾಲಕ್ಕೆ ಜಗತ್ತಿನಲ್ಲಿಯೇ ದೊಡ್ಡದು. ಮಿಕ್ಕ ವೃತ್ತಾಂತ ಕಾರ್ಖಾನೆಗಳ ಇತಿಹಾಸ ಬಲ್ಲವರಿಗೆ ಪರಿಚಿತವೇ. ಅದನ್ನು ಇಲ್ಲಿಗೆ ಬಿಡೋಣ.

1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ವಾಣಿಜ್ಯ ಕೇಂದ್ರದ ಜೋಡಿ ಗೋಪುರಗಳು ಏಳತೊಡಗಿದವು. ವಾಸ್ತುಶಿಲ್ಪಿ ಮಿನೋರು ಯಮಸಾಕಿ. ರಚನೆಯ ಹೊಣೆ ಹೊತ್ತ ಎಂಜಿನಿಯರರಲ್ಲಿ ಪ್ರಮುಖರು ಲೆಸ್ಲಿ ರಾಬರ್ಟ್‌ಸನ್. ಸಾಮಾನ್ಯ ಗಗನಚುಂಬಿಗಳಲ್ಲಿ ಕಂಬಗಳು ಕೋಣೆಗಳ ನಡುನಡುವೆ ನಿಲ್ಲುತ್ತವೆ. ಈ ಗೋಪುರಗಳಲ್ಲಿ ಭಾರವನ್ನು ನಡುವಿನ ತಿರುಳಿಗೂ ಹೊರಮೈಗೂ ಹಂಚಿದ್ದರು. ಹೊರಮೈಯಲ್ಲಿ ಒಂದೊಂದು ಪಕ್ಕಕ್ಕೆ 59 ಕಂಬಗಳು; ಒಂದರಿಂದ ಮತ್ತೊಂದಕ್ಕೆ ಇದ್ದ ಅಂತರ ಬರಿಯ 40 ಅಂಗುಲ. ಮೇಲಿನ ಅಂತಸ್ತುಗಳಿಗೆ ಇದು ಸರಿ. ನೆಲಮಟ್ಟದಲ್ಲಿ ಸಾವಿರಾರು ಜನ ಒಳಹೋಗಿ ಹೊರಬರಲು ಅಷ್ಟು ಕಿರಿದಾದ ಸಂದಿ ಸಾಲದಷ್ಟೆ. ಅದಕ್ಕಾಗಿ ಕೆಳಗಿನ ಅಂತಸ್ತುಗಳಲ್ಲಿ ಮೂರು ಮೂರು ಕಂಬಗಳನ್ನು ಬಾಗಿಸಿ ಒಂದೇ ಬುಡಕ್ಕೆ ಕೂಡಿಸಿದರು. ಬುಡಗಳ ನಡುವಣ ಅಂತರ ಹೀಗೆ 10 ಅಡಿಯಾಯಿತು. ಎಂಜಿನಿಯರರು ಈ ಆಕೃತಿಗೆ ತ್ರಿಶೂಲವೆಂದರು. ಕೋಟ್ಸ್‌ವಿಲ್ಲಿನವರು ಇವುಗಳನ್ನು ಕರೆಯುವುದು 'ಮರಗಳು' ಎಂದು. ಎರಡು ಗೋಪುರಗಳಿಗೆ ಒಟ್ಟು 152 ಮರಗಳು. ಅವಕ್ಕೆ ಬೇಕಾದ ದಪ್ಪ ಉಕ್ಕಿನ ಹಲಗೆಗಳು ಹೊರಟದ್ದು ಲೂಕೆನ್ಸ್ ಕಾರ್ಖಾನೆಯಿಂದ. ನಮ್ಮ ಹಳೆಯ ದೇವಾಲಯಗಳ ಕಿಟಕಿಗಳ ಮೇಲಿನ ಚೂಪುಗಮಾನುಗಳನ್ನು ತಾವು ಬಲ್ಲಿರಿ. ಎರಡು ಮರಗಳ ಕೊಂಬೆಗಳು ಮೇಲೆ ಕೂಡಿಕೊಂಡಾಗ ಮೂಡುತ್ತಿದ್ದುದು ಅದೇ ಕಮಾನು.

ಗೋಪುರಗಳ ಉದ್ಘಾಟನೆ ನಡೆದದ್ದು 1973ರ ಏಪ್ರಿಲ್ 4ರಂದು. ಯಾವ ಉದ್ಘಾಟನೆಯಲ್ಲಿಯೂ ಉಕ್ಕು ಉರುಳಿಸಿದವರ ಹೆಸರನ್ನು ಓದುವ ಪದ್ಧತಿ ಇಲ್ಲ. ಹಲಗೆ ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಅದು ಬೇರೆಯವರ ಸೊತ್ತು. ಕಲ್ಲುಕುಟಿಗನಾದರೂ ಗುಡಿಯ ಮೂಲೆಯಲ್ಲೊಂದು ಗುರುತು ಕೊರೆದು ಹೋಗುತ್ತಿದ್ದ. ಕುಲುಮೆಯ ಮುಂದೆ ಬೆವರಿದವನಿಗೆ ಆ ಅವಕಾಶವೂ ಇರಲಿಲ್ಲ.

2001ರ ಸೆಪ್ಟೆಂಬರ್ 11ರಂದು ನಡೆದುದನ್ನು ನಾವು ವಿಸ್ತರಿಸಬೇಕಾಗಿಲ್ಲ. ಬೆಳಿಗ್ಗೆ 9 ಗಂಟೆ 59 ನಿಮಿಷಕ್ಕೆ ದಕ್ಷಿಣ ಗೋಪುರ, 10 ಗಂಟೆ 28 ನಿಮಿಷಕ್ಕೆ ಉತ್ತರ ಗೋಪುರ ನೆಲಕ್ಕುರುಳಿದವು. ನ್ಯೂಯಾರ್ಕಿನಲ್ಲಿ ಮಡಿದವರು 2,753 ಮಂದಿ. ಧೂಳು ಅಡಗಿದ ಮೇಲೆ ತೆಗೆದ ಛಾಯಾಚಿತ್ರಗಳನ್ನು ಕಂಡವರಿಗೆ ಒಂದು ನೋಟ ಮರೆಯುವಂತಿಲ್ಲ: ಬೆಟ್ಟದಂತೆ ಬಿದ್ದ ಅವಶೇಷದ ಅಂಚಿನಲ್ಲಿ, ಪಾಳು ಬಿದ್ದ ದೊಡ್ಡ ದೇವಾಲಯದ ಗೋಡೆಯಂತೆ, ಚೂಪುಗಮಾನುಗಳ ಸಾಲೊಂದು ನಿಂತೇ ಇತ್ತು. ಹೊರಮೈಯ ಕೆಳಭಾಗ ಅದು, ಆ ಮರಗಳೇ.

ಮುಂದೆ ಆ ಉಕ್ಕಿಗೆ ಏನಾಯಿತು? ಅದರ ಬಹುಪಾಲು ಸ್ಮಾರಕವಾಗಲಿಲ್ಲ, ಗುಜರಿಯಾಯಿತು. ಚೀನದ ಶಾಂಘೈ ಬಾವೊಸ್ಟೀಲ್ ಕಂಪನಿ 50,000 ಟನ್ ಕೊಂಡಿತು. 2002ರ ಆರಂಭದಲ್ಲಿ ನಮ್ಮ ಚೆನ್ನೈ ಬಂದರಿಗೂ ಆ ಗುಜರಿಯ ಹಡಗು ಬಂದು ನಿಂತಿತು. ಅದರಲ್ಲಿ ವಿಷಪದಾರ್ಥಗಳು ಇರಬಹುದೆಂದು ಪರಿಸರವಾದಿಗಳು ಪ್ರತಿಭಟಿಸಿದರು. ನಮ್ಮ ದೇಶದ ಯಾವ ಮನೆಯ ತಾರಸಿಯೊಳಗೆ ಅದರ ಯಾವ ಅಂಶ ಕಂಬಿಯಾಗಿ ಅಡಗಿದೆಯೋ ಹೇಳಬಲ್ಲವರಾರು? ಕಟ್ಟಡ ಏಕೆ ಕುಸಿಯಿತೆಂಬುದನ್ನು ಪರೀಕ್ಷಿಸುವ ಮೊದಲೇ ಸಾಕ್ಷ್ಯವನ್ನು ಮಾರಿಬಿಟ್ಟಿರೆಂದು ಮಡಿದವರ ಬಂಧುಗಳೂ ಕೆಲವು ಎಂಜಿನಿಯರರೂ ಆಗ ದೂರಿದರು. ಆ ದೂರಿನಲ್ಲಿ ನ್ಯಾಯವಿತ್ತೆಂದೇ ನಮ್ಮ ಅಭಿಪ್ರಾಯ. ಕಡೆಗೆ ಸರಕಾರಿ ತನಿಖೆಯವರ ಕೈಗೆ ದೊರೆತದ್ದು 236 ತುಂಡುಗಳು.

ಉಳಿದದ್ದು ಉಳಿದುದಾದರೂ ಹೇಗೆ? ಗೋಪುರಗಳ ಒಡೆತನವಿದ್ದ ಪೋರ್ಟ್ ಅಥಾರಿಟಿ ಎಂಬ ಸಂಸ್ಥೆಯು ವಾಸ್ತುಶಿಲ್ಪಿಗಳನ್ನು ನೇಮಿಸಿ, ಕಾಪಾಡತಕ್ಕ ತುಂಡುಗಳನ್ನು ಆರಿಸಹೇಳಿತು. ಅವರು ಬಣ್ಣದ ಡಬ್ಬಿ ಹಿಡಿದು ಅವಶೇಷದ ನಡುವೆಯೂ ಗುಜರಿ ಅಂಗಳಗಳಲ್ಲಿಯೂ ಅಲೆದು, ಯೋಗ್ಯವೆನಿಸಿದ ತೊಲೆಯ ಮೇಲೆ 'ಉಳಿಸಿ' ಎಂಬರ್ಥದ ಇಂಗ್ಲಿಷ್ ಪದವನ್ನು ಬರೆದರು. ಆ ಬರಹವುಳ್ಳ ತುಂಡುಗಳು ಕೆನಡಿ ವಿಮಾನ ನಿಲ್ದಾಣದ 17ನೆಯ ವಿಮಾನಶಾಲೆಗೆ ಹೋದವು. ಅದಿಲ್ಲದವು ತಕ್ಕಡಿಗೆ ಹೋದವು. ಒಂದು ಪದ ಬರೆಯಲು ಕೆಲವು ಕ್ಷಣಗಳು ಸಾಕು. ಚರಿತ್ರೆಯಲ್ಲಿ ಉಳಿಯುವುದಕ್ಕೂ ಅಳಿಯುವುದಕ್ಕೂ ಒಮ್ಮೊಮ್ಮೆ ಇಷ್ಟೇ ಅಂತರ.

ಉಳಿದ ಉಕ್ಕನ್ನು ಬಳಸಿಕೊಂಡ ಬಗೆಗಳು ಹಲವು. 7.5 ಟನ್‌ನಷ್ಟನ್ನು ಲೂಯಿಸಿಯಾನಾ ರಾಜ್ಯದಲ್ಲಿ ಕರಗಿಸಿ 'ನ್ಯೂಯಾರ್ಕ್' ಎಂಬ ಯುದ್ಧನೌಕೆಯ ಮುಂಭಾಗಕ್ಕೆ ಎರಕ ಹೊಯ್ದರು. 2009ರಲ್ಲಿ ಆ ಹಡಗು ನೌಕಾಪಡೆಯನ್ನು ಸೇರಿತು. ಮಾಡಿದವರ ಭಾವನೆಯನ್ನು ನಾವು ಗೌರವಿಸುತ್ತೇವೆ. ಆದರೂ ಕರಗಿದ ಉಕ್ಕಿಗೆ ತಾನೇನಾಗಿದ್ದೆನೆಂಬ ಗುರುತು ಉಳಿಯುವುದಿಲ್ಲ. ಬಾಗಿದ ತೊಲೆ ಏಟಿನ ಬಲವನ್ನು ತೋರಿಸುತ್ತದೆ. ಹರಿದ ಬೆಸುಗೆ ಭಾರ ಬಿದ್ದ ದಿಕ್ಕನ್ನು ತಿಳಿಸುತ್ತದೆ. ಕರಗಿಸಿದೊಡನೆ ಅವೆಲ್ಲ ಅಳಿಸಿಹೋಗುತ್ತವೆ. ಹಡಗಿನ ಮೂತಿಗೆ ಕಥೆಯನ್ನು ನಾವು ಹೇಳಬೇಕು. ಮರ ತನ್ನ ಕಥೆಯನ್ನು ತಾನೇ ಹೇಳಬಲ್ಲದು.

ಈ ಸಭೆಯಲ್ಲಿ ಆ ಶಿಲುಬೆಯ ಮಾತನ್ನೂ ಆಡದೆ ಇರಲಾಗದು. ಸೆಪ್ಟೆಂಬರ್ 13ರಂದು ರಕ್ಷಣಾ ಕಾರ್ಯದಲ್ಲಿದ್ದ ಕೆಲಸಗಾರನೊಬ್ಬನಿಗೆ ಅವಶೇಷದ ನಡುವೆ ಶಿಲುಬೆಯಾಕಾರದಲ್ಲಿ ನಿಂತಿದ್ದ, ಸುಮಾರು 17 ಅಡಿ ಎತ್ತರದ ತೊಲೆಗಳ ಜೋಡಣೆಯೊಂದು ಕಂಡಿತು. ಫ್ರಾನ್ಸಿಸ್ಕನ್ ಸಭೆಯ ಫಾದರ್ ಬ್ರಯನ್ ಜೋರ್ಡನ್ ಅದನ್ನು ಆಶೀರ್ವದಿಸಿದರು. 2006ರಿಂದ 2011ರವರೆಗೆ ಅದು ಸಂತ ಪೇತ್ರರ ದೇವಾಲಯದ ಪಕ್ಕದಲ್ಲಿ ನಿಂತು, ಆ ಬಳಿಕ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಸಾರ್ವಜನಿಕ ಸ್ಥಳದಲ್ಲಿ ಒಂದು ಮತದ ಚಿಹ್ನೆ ಸಲ್ಲದೆಂದು ನಾಸ್ತಿಕರ ಸಂಘವೊಂದು ದಾವೆ ಹೂಡಿತು; ಅದು ಇತಿಹಾಸದ ವಸ್ತುವಾಗಿ ಅಲ್ಲಿರಬಹುದೆಂದು ಮೇಲ್ಮನವಿ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ವಾಸ್ತವವಾಗಿ ಉಕ್ಕಿನ ಕಟ್ಟಡದಲ್ಲಿ ತೊಲೆಯೂ ಕಂಬವೂ ಕೂಡುವ ಎಡೆಯಲ್ಲೆಲ್ಲ ಶಿಲುಬೆಯ ಆಕೃತಿ ಉಂಟು. ಅದನ್ನು ಕಂಡ ಕಣ್ಣು ಯಾವ ಸ್ಥಿತಿಯಲ್ಲಿತ್ತೆಂಬುದೇ ಇಲ್ಲಿಯ ವಿಶೇಷ.

ಇನ್ನು ಕೋಟ್ಸ್‌ವಿಲ್ಲಿಗೆ ಮರಳೋಣ. ಅಲ್ಲಿ ಗ್ರೇಸ್ಟೋನ್ ಸೊಸೈಟಿ ಎಂಬ ಸಂಸ್ಥೆಯವರು ಲೂಕೆನ್ಸ್ ಮನೆತನದ ಹಳೆಯ ಮನೆಗಳನ್ನೂ ಕಚೇರಿಯನ್ನೂ ಕಾಪಾಡಿಕೊಂಡು, ಕಬ್ಬಿಣ ಮತ್ತು ಉಕ್ಕಿನ ವಸ್ತುಸಂಗ್ರಹಾಲಯವೊಂದನ್ನು ಕಟ್ಟುತ್ತ ಬಂದವರು. ನಮ್ಮ ಊರಿನ ಉಕ್ಕು ನಮಗೆ ಬರಲಿ ಎಂದು ಅವರು ಕೇಳಿಕೊಂಡರು. ವಿಮಾನಶಾಲೆಯಲ್ಲಿದ್ದ ತುಂಡುಗಳು ಸಾಕ್ಷ್ಯದ ವಸ್ತುಗಳಾಗಿದ್ದುದರಿಂದ ಕೇಂದ್ರ ನ್ಯಾಯಾಲಯದ ಒಪ್ಪಿಗೆಯೂ ಬೇಕಾಯಿತು. ಅಂತೂ 2010ರ ಏಪ್ರಿಲ್ ತಿಂಗಳಲ್ಲಿ ಹತ್ತು ಮರಗಳು, ಸುಮಾರು 500 ಟನ್, 28 ಲಾರಿಗಳ ಮೇಲೆ ಮಲಗಿ ನ್ಯೂಯಾರ್ಕಿನಿಂದ ಹೊರಟು ಬಂದವು. ನಾಲ್ವತ್ತು ವರ್ಷಗಳ ಹಿಂದೆ ಆ ಊರಿನಿಂದ ಹೋದ ಹಲಗೆಗಳು ತಿರುಗಿ ಬರುವುದನ್ನು ನೋಡಲು ಜನ ಬಾವುಟ ಹಿಡಿದು ರಸ್ತೆಯ ಬದಿಯಲ್ಲಿ ನಿಂತರು. ತವರಿಗೆ ಬಂದ ಶವವನ್ನು ಬರಮಾಡಿಕೊಳ್ಳುವ ಊರಿನಂತೆ ಅದು ಕಂಡಿರಬೇಕು.

ಅದನ್ನು ಬರಮಾಡಿಕೊಂಡ ಊರಿನ ಸ್ಥಿತಿ ಆಗ ಹೇಗಿತ್ತು? ಲೂಕೆನ್ಸ್ ಎಂಬ ಹೆಸರೇ 1998ರಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪನಿಯೊಳಗೆ ಕರಗಿಹೋಗಿತ್ತು. ಗೋಪುರಗಳು ಬಿದ್ದ ಮರುತಿಂಗಳೇ ಬೆತ್ಲೆಹೆಮ್ ದಿವಾಳಿಯ ಅರ್ಜಿ ಹಾಕಿತು. ಆ ಮೇಲೆ ಒಡೆತನ ಕೈಯಿಂದ ಕೈಗೆ ಹೋಗಿ ಮಿತ್ತಲರ ಕಂಪನಿಯನ್ನು ಸೇರಿತು. 2020ರ ಡಿಸೆಂಬರಿನಲ್ಲಿ ಕ್ಲೀವ್‌ಲ್ಯಾಂಡ್-ಕ್ಲಿಫ್ಸ್ ಪಾಲಾಯಿತು. ಕೆಲಸಗಾರರ ಸಂಖ್ಯೆ ವರ್ಷೇ ವರ್ಷೇ ಇಳಿದಿತ್ತು. ಅದು ಸಾಲದೆಂಬಂತೆ 2008 ಮತ್ತು 2009ರಲ್ಲಿ ಯಾರೋ ಮನೆಗಳಿಗೆ ಬೆಂಕಿ ಇಡತೊಡಗಿದರು. ಒಂದಾದ ಮೇಲೊಂದರಂತೆ ಹತ್ತಾರು ಬೆಂಕಿ, ವೃದ್ಧೆಯೊಬ್ಬಳ ಸಾವು, 2009ರ ಜನವರಿಯ ಒಂದೇ ರಾತ್ರಿ ಸಾಲುಮನೆಗಳು ಉರಿದುಹೋದವು. ಇಷ್ಟೆಲ್ಲ ಕಳೆದುಕೊಂಡ ಊರಿಗೆ ಮರುವರ್ಷ ಆ ಲಾರಿಗಳು ಬಂದವು. ಬೇರೆ ಊರುಗಳೂ ಆ ಉಕ್ಕಿನ ತುಂಡುಗಳನ್ನು ಪಡೆದಿವೆ. ಅಮೆರಿಕದ ಐವತ್ತು ರಾಜ್ಯಗಳಲ್ಲಿಯೂ ಅವು ಹಂಚಿಹೋಗಿವೆ. ಅವರೆಲ್ಲರಿಗೂ ಅದು ಮಡಿದವರ ನೆನಪು. ಕೋಟ್ಸ್‌ವಿಲ್ಲಿಗೆ ಮಾತ್ರ ಮಾಡಿದವರ ನೆನಪೂ ಹೌದು. ಈ ಎರಡನೆಯ ನೆನಪಿಗೆ ಸ್ಮಾರಕವೆಂಬುದು ಜಗತ್ತಿನಲ್ಲಿ ಅಪರೂಪ, ಮತ್ತು ಅದಕ್ಕೆ ಆ ಊರಿನವರಿಗೆ ಹಕ್ಕಿತ್ತೆಂದು ನಾವು ನಂಬುತ್ತೇವೆ.

ತಂದದ್ದಾಯಿತು; ಕಾಪಾಡುವುದು ಹೇಗೆ? ಗಾಳಿಯೂ ನೀರೂ ಕೂಡಿದಲ್ಲಿ ಕಬ್ಬಿಣ ಮಣ್ಣಾಗಲು ಹೊರಡುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪದರ ಪದರವಾಗಿ ಉಬ್ಬಿ ಉದುರುತ್ತದೆ. ಕೆಳಗಿನ ಹೊಸ ಲೋಹ ಮತ್ತೆ ಗಾಳಿಗೆ ತೆರೆಯುತ್ತದೆ. ದಿಲ್ಲಿಯ ಕಬ್ಬಿಣದ ಸ್ತಂಭ 1,600 ವರ್ಷಗಳಿಂದ ನಿಂತಿದೆ, ನಮ್ಮ ಕೊಡಚಾದ್ರಿಯ ಮಳೆಯಲ್ಲಿಯೂ ಕಂಬವೊಂದು ನಿಂತಿದೆಯಲ್ಲ ಎಂದು ಯಾರಾದರೂ ಹೇಳಬಹುದು. ದಿಲ್ಲಿಯ ಸ್ತಂಭದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು ಅದು ಮೈಮೇಲೆ ಕಾಪಿನ ಪೊರೆಯೊಂದನ್ನು ಕಟ್ಟಿದೆ. ಇಂದಿನ ಕಟ್ಟಡದ ಉಕ್ಕಿನಲ್ಲಿ ರಂಜಕವನ್ನು ದೋಷವೆಂದು ತೆಗೆದುಹಾಕುತ್ತಾರೆ. ಆದುದರಿಂದ ಆ ರಕ್ಷಣೆ ಇದಕ್ಕಿಲ್ಲ. ಬಣ್ಣ ಬಳಿಯೋಣವೆಂದರೆ, ಅನಿಲಜ್ವಾಲೆಯಿಂದ ಕೊಯ್ದ ಗಾಯ, ಬಾಗಿದ ಅಂಚು, ಬರೆದ ಅಕ್ಷರ ಎಲ್ಲವೂ ಮುಚ್ಚಿಹೋಗುತ್ತವೆ. ಹಾಗೆಯೇ ಬಿಟ್ಟರೆ ನಿಧಾನವಾಗಿ ಸವೆಯುತ್ತದೆ. ನ್ಯೂಯಾರ್ಕಿನಲ್ಲಿ 70 ಅಡಿ ಎತ್ತರದ ಎರಡು ಮರಗಳನ್ನು ಗಾಜಿನ ಮಂಟಪದೊಳಗೆ ನಿಲ್ಲಿಸಿದ್ದಾರೆ. ಅಷ್ಟು ಹಣ ಸಣ್ಣ ಊರುಗಳಲ್ಲಿ ಎಲ್ಲಿಂದ ಬರಬೇಕು? ನಮ್ಮನ್ನು ಕೇಳಿದರೆ, ನೀರು ನಿಲ್ಲದಂತೆ ನೋಡಿಕೊಂಡು, ಬುಡವನ್ನು ನೆಲದಿಂದ ಎತ್ತರಿಸಿ, ಗಾಯಗಳನ್ನು ಮುಚ್ಚದೆ ಬಿಡುವುದೇ ಲೇಸು. ದಪ್ಪ ಹಲಗೆ ಸವೆಯಲು ತಲೆಮಾರುಗಳೇ ಬೇಕು.

ಆ ಊರಿನ ಮತ್ತೊಂದು ನೆನಪನ್ನು ಮರೆಮಾಚಿ ಮಾತು ಮುಗಿಸಿದರೆ ತಮಗೆ ಅರ್ಧ ಸತ್ಯವನ್ನೇ ಹೇಳಿದಂತಾದೀತು. 1911ರ ಆಗಸ್ಟ್ 13ರಂದು, ಒಂದು ಭಾನುವಾರ, ಜಕರಾಯ ವಾಕರ್ ಎಂಬ ಕರಿಯ ಉಕ್ಕು ಕೆಲಸಗಾರನನ್ನು ಕೋಟ್ಸ್‌ವಿಲ್ಲಿನ ಜನರ ಗುಂಪು ಆಸ್ಪತ್ರೆಯಿಂದ ಎಳೆದೊಯ್ದು ಜೀವಂತ ಸುಟ್ಟಿತು. ಕಾರ್ಖಾನೆಯ ಕಾವಲುಗಾರನೊಬ್ಬನನ್ನು ಕೊಂದನೆಂಬುದು ಅವನ ಮೇಲಿದ್ದ ಆಪಾದನೆ. ನೋಡಲು ನೆರೆದವರು ಸಾವಿರಾರು ಮಂದಿ. ಶಿಕ್ಷೆಯಾದದ್ದು ಒಬ್ಬನಿಗೂ ಇಲ್ಲ. ಮರುವರ್ಷ ನ್ಯೂಯಾರ್ಕಿನ ಲೇಖಕ ಜಾನ್ ಜೇ ಚಾಪ್‌ಮನ್ ತಾನಾಗಿಯೇ ಆ ಊರಿಗೆ ಬಂದು, ಬಾಡಿಗೆಗೆ ಮಳಿಗೆಯೊಂದನ್ನು ಹಿಡಿದು ಪ್ರಾರ್ಥನಾ ಸಭೆ ನಡೆಸಿದ. ಅವನ ಭಾಷಣ ಕೇಳಲು ಬಂದವರನ್ನು ಎಣಿಸಲು ಒಂದು ಕೈಯ ಬೆರಳುಗಳೂ ಹೆಚ್ಚಾದವು. 95 ವರ್ಷಗಳ ತರುವಾಯ, 2006ರಲ್ಲಿ, ಆ ಕೊಲೆಯ ಸ್ಥಳದ ಬಳಿ ರಾಜ್ಯ ಸರಕಾರದ ಫಲಕವೊಂದು ನಿಂತಿತು. ನಾಲ್ಕು ವರ್ಷ ಕಳೆದು ಉಕ್ಕಿನ ಮರಗಳು ಬಂದವು. ಬಾವುಟಗಳೊಡನೆ ಬಂದ ಸ್ಮಾರಕವನ್ನು ಊರು ಹಾರ್ದಿಕವಾಗಿ ಸ್ವಾಗತಿಸಿತು. ಯಾರೂ ಬಾವುಟ ಹಿಡಿಯಲಾರದ ಆ ಫಲಕಕ್ಕಾಗಿ ಕೆಲವರು ದಶಕಗಟ್ಟಲೆ ದುಡಿಯಬೇಕಾಯಿತು. ಇವೆರಡರಲ್ಲಿ ಯಾವುದನ್ನು ನಿಲ್ಲಿಸುವುದು ಕಷ್ಟವೆಂಬುದನ್ನು ತಾವೇ ಊಹಿಸಬಹುದು. ವಾಕರನೂ ಉಕ್ಕಿನ ಕೆಲಸದವನೇ. ಮಾಡಿದವರ ನೆನಪೆಂಬ ಲೆಕ್ಕದಲ್ಲಿ ಅವನೂ ಸೇರುತ್ತಾನೆ.

ದೂರದ ಈ ಕಥೆ ನಮಗೇಕೆಂದರೆ, ನಮ್ಮ ನಾಡಿನಲ್ಲಿಯೂ ಭದ್ರಾವತಿ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಎದ್ದ ಆ ಕಾರ್ಖಾನೆಯಲ್ಲಿ 1923ರ ಜನವರಿಯಲ್ಲಿ, ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ಕರಗಿತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು. ಕಾರ್ಮಿಕರು ಬಿಡದೆ ಹೋರಾಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಕೆಲವು ವಿಭಾಗಗಳು ಮತ್ತೆ ನಡೆಯತೊಡಗಿದವು. ಕಾರ್ಖಾನೆ ಉಳಿಯಲೆಂಬುದೇ ನಮ್ಮೆಲ್ಲರ ಹಾರೈಕೆ. ಆದರೆ ಯಾವ ಉಕ್ಕಿನ ಕಾರ್ಖಾನೆಯಲ್ಲಿಯೂ ಹಳೆಯ ಯಂತ್ರಗಳಿಗೆ ಹರಾಜಿನ ದಿನ ಬಂದೇ ಬರುತ್ತದೆ, ಮತ್ತು ಹರಾಜಿನವರಿಗೆ ತೂಕ ಮಾತ್ರ ಗೊತ್ತು. ಯಾವ ತುಂಡಿನ ಮೇಲೆ 'ಉಳಿಸಿ' ಎಂದು ಬರೆಯಬೇಕೆಂಬುದು ಅದರ ಮುಂದೆ ನಿಂತು ದುಡಿದವರಿಗೆ ಗೊತ್ತು. ಅಲ್ಲಿ ದುಡಿದು ನಿವೃತ್ತರಾದವರು ಯಾರಾದರೂ ಈ ಸಭೆಯಲ್ಲಿದ್ದರೆ, ಅಥವಾ ತಮ್ಮ ನೆಂಟರಲ್ಲಿದ್ದರೆ, ಇಂಥ ಯಂತ್ರ ಇಂಥ ಕಡೆ ಇತ್ತು, ಇಂಥವರು ಅದರ ಮೇಲೆ ಕೆಲಸ ಮಾಡಿದರು ಎಂಬುದನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಡುವಂತೆ ಅವರಲ್ಲಿ ನಮ್ಮದೊಂದು ವಿನಂತಿ. ಬರೆಯಲು ಬಾರದವರಿದ್ದರೆ ನಮ್ಮ ಯುವಕ ಸಂಘದವರು ಅವರ ಬಳಿ ಕುಳಿತು ಬರೆದುಕೊಳ್ಳಲಿ.